ಗೋಣಿಕೊಪ್ಪದ ಮೇಲೆ ಹಾರಿ, ಮಾಕುಟ್ಟದ ಘಾಟಿ ಹತ್ತಿ: ಅಮ್ಮನ ಜೊತೆ ಕೊಡಗಿನಲ್ಲಿ ನಾಲ್ಕು ದಿನ

ಅಮ್ಮ ದೂರವನ್ನು ಯಾವತ್ತೂ ಕಿಲೋಮೀಟರಿನಲ್ಲಿ ಹೇಳಿದವಳಲ್ಲ. ತಿಪಟೂರಿನ ತವರುಮನೆಯಿಂದ ಕೊಡಗಿನ ನಾಪೋಕ್ಲಿಗೆ ಎಷ್ಟು ದೂರ ಅಂತ ಕೇಳಿದರೆ, "ಮೂರು ಬಸ್ಸು, ಎರಡು ಬುತ್ತಿ" ಅಂತಿದ್ದಳು. ಮದುವೆಯಾಗಿ 1979ರಲ್ಲಿ ಅಲ್ಲಿಗೆ ಹೋದವಳು. ಅಪ್ಪ ಹೈಸ್ಕೂಲ್ ಮೇಷ್ಟ್ರು. ಎಂಟು ವರ್ಷ ಅಲ್ಲಿದ್ದು, ವರ್ಗವಾಗಿ ಬಂದ ಮೇಲೆ ಮತ್ತೆ ಹೋಗಲೇ ಇಲ್ಲ. ಅಪ್ಪ ಹೋದ ಮೇಲೆ ಒಂದು ದಿನ ಸುಮ್ನೆ ಕೂತಿದ್ದವಳು, "ನಾಪೋಕ್ಲಿನ ಪಕ್ಕದ ಮನೆ ಅಕ್ಕ ಇದ್ದಾರಂತೆ ಕಣೇ, ಒಂದ್ಸಲ ನೋಡ್ಕೊಂಡು ಬರಬೇಕಿತ್ತು" ಅಂದಳು.

ಅಮ್ಮನಿಗೆ ಎಪ್ಪತ್ತರ ಹತ್ತಿರ. ವಿಮಾನ ಹತ್ತಿರಲಿಲ್ಲ. ಎರಡೂ ಆಸೆ ಒಟ್ಟಿಗೆ ತೀರಲಿ ಅಂತ ನಾನು ಬೆಂಗಳೂರಿನಿಂದ ಕಣ್ಣೂರಿಗೆ ಟಿಕೆಟ್ ಮಾಡಿಸಿದೆ. ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಮಡಿಕೇರಿಯಿಂದ ನೋಡಿದರೆ ಮಂಗಳೂರಿನ ನಿಲ್ದಾಣ ಸುಮಾರು 140 ಕಿ.ಮೀ., ಮೈಸೂರಿನ ಮಂಡಕಳ್ಳಿ 120ರ ಆಸುಪಾಸು. 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ನಿಲ್ದಾಣ ಎಲ್ಲಕ್ಕಿಂತ ಹತ್ತಿರ, ಸುಮಾರು 90. ಅದು ಇರುವುದು ಕಣ್ಣೂರು ಪೇಟೆಯಲ್ಲಲ್ಲ, ಮಟ್ಟನ್ನೂರಿನಲ್ಲಿ. ಹಾಗಾಗಿ ವಿರಾಜಪೇಟೆಗೆ ಇನ್ನೂ ಹತ್ತಿರ, 60 ಕಿ.ಮೀ.ಗಿಂತ ಕಡಿಮೆ.

ಮೊದಲ ದಿನ

ಬನಶಂಕರಿಯ ಮನೆಯಿಂದ ಹೊರಟಾಗ ಬೆಳಗಿನ ಜಾವ 4 ಗಂಟೆ. ಅಷ್ಟು ಹೊತ್ತಿಗೆ ರಸ್ತೆ ಖಾಲಿ, ಆದರೂ ದೇವನಹಳ್ಳಿ ಮುಟ್ಟಲು ಒಂದು ಗಂಟೆಯ ಮೇಲಾಯಿತು. ಹಗಲಲ್ಲಾದರೆ ಎರಡು ಗಂಟೆ ಇಟ್ಟುಕೊಳ್ಳಲೇಬೇಕು.

ಬ್ಯಾಗ್ ಕೊಡುವ ಕೌಂಟರಿನಲ್ಲಿ ಕೂತಿದ್ದ ಹುಡುಗಿ, "ಅಮ್ಮಾ, ಕೊಬ್ಬರಿ ಏನಾದ್ರೂ ಇದ್ಯಾ?" ಅಂತ ಕೇಳಿದಳು. ಅಮ್ಮನ ಮುಖ ಅರಳಿತು. "ಇದೆ ಕಣಮ್ಮ, ತಿಪಟೂರಿಂದು, ಹತ್ತು!" ಅಂದಳು. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೇಗ ಬೆಂಕಿ ಹಿಡಿಯುತ್ತೆ, ಅದಕ್ಕೆ ವಿಮಾನದಲ್ಲಿ ಬಿಡಲ್ಲ ಅಂತ ಆ ಹುಡುಗಿ ಮೆತ್ತಗೆ ಹೇಳಿದಳು. ನನಗಿದು ಗೊತ್ತಿರಲಿಲ್ಲ. ಅಮ್ಮ ಸೀರೆಗಳ ನಡುವೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಉಂಡೆ ಕೊಬ್ಬರಿಗಳನ್ನು ಒಂದೊಂದಾಗಿ ತೆಗೆದಳು. ಆಗೆಲ್ಲ ತವರಿಂದ ವಾಪಸ್ ಹೋಗುವಾಗ ಪ್ರತಿ ಸಲವೂ ಪಕ್ಕದ ಮನೆಯ ಅಕ್ಕನಿಗೆ ಕೊಬ್ಬರಿ ಒಯ್ಯುತ್ತಿದ್ದಳಂತೆ. ಟ್ರಾಲಿ ಜೋಡಿಸುತ್ತಿದ್ದ ಹುಡುಗನನ್ನು ಕರೆದು ಅಷ್ಟನ್ನೂ ಅವನ ಕೈಗಿಟ್ಟಳು. "ಮನೇಲಿ ಹೋಳಿಗೆ ಮಾಡಿಸ್ಕೋ ಮಗಾ" ಅಂದಳು. ಅವನು ತಗೊಂಡ. ಅಮ್ಮ ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಮ್ಮದು ಎಟಿಆರ್ 72, ರೆಕ್ಕೆಗೆ ಫ್ಯಾನ್ ಇರುವ ಸಣ್ಣ ವಿಮಾನ. ಹತ್ತುವುದು ಹಿಂದಿನ ಬಾಗಿಲಿಂದ. ಇದರ ರೆಕ್ಕೆ ಕಿಟಕಿಗಿಂತ ಮೇಲಿರುತ್ತೆ, ಹಾಗಾಗಿ ಯಾವ ಕಿಟಕಿಯಲ್ಲಿ ಕೂತರೂ ಕೆಳಗಿನ ನೆಲ ಚೆನ್ನಾಗಿ ಕಾಣುತ್ತೆ. ಅಮ್ಮನನ್ನು ಎಡಗಡೆ ಕಿಟಕಿಗೆ ಕೂರಿಸಿದೆ. ಎಡಗಡೆಯೇ ಸರಿ ಅಂತ ಅರ್ಧ ಗಂಟೆಯೊಳಗೆ ಗೊತ್ತಾಯಿತು.

ಟಿಕೆಟ್ಟಿನಲ್ಲಿ ಪ್ರಯಾಣದ ಸಮಯ 1 ಗಂಟೆ 5 ನಿಮಿಷ ಅಂತಿತ್ತು. ಅದು ವಿಮಾನ ಇಲ್ಲಿ ನಿಂತ ಜಾಗ ಬಿಟ್ಟಾಗಿಂದ ಅಲ್ಲಿ ಹೋಗಿ ನಿಲ್ಲುವವರೆಗಿನ ಲೆಕ್ಕ. ರನ್‌ವೇಗೆ ತೆವಳಿಕೊಂಡು ಹೋಗುವುದು, ಸರದಿಗೆ ಕಾಯುವುದು ಎಲ್ಲ ಅದರಲ್ಲೇ ಸೇರಿರುತ್ತೆ. ಗಾಳಿಯಲ್ಲಿ ನಾವಿದ್ದದ್ದು 50 ನಿಮಿಷ. ಎರಡು ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 275 ಕಿ.ಮೀ. ಹಿಂದಿನ ರಾತ್ರಿ ನಕ್ಷೆ ತೆಗೆದು ಆ ಗೆರೆಯನ್ನು ಅಮ್ಮನಿಗೆ ತೋರಿಸಿದ್ದೆ. ಮಾಗಡಿ, ಕೆಆರ್‌ಎಸ್, ಹುಣಸೂರು, ಗೋಣಿಕೊಪ್ಪ ಎಲ್ಲದರ ಹತ್ತಿರ ಹಾಯುತ್ತೆ ಅದು. ವಿಮಾನ ಗೆರೆ ಎಳೆದ ಹಾಗೇ ಹೋಗುತ್ತೆ ಅಂತೇನಿಲ್ಲ. ಆದರೆ ಅವತ್ತು ನಮ್ಮ ಎಡಕ್ಕೆ ಕೆಆರ್‌ಎಸ್ ಕಂಡೇಬಿಟ್ಟಿತು. ಬೆಳಗಿನ ಬಿಸಿಲಿಗೆ ತಗಡಿನ ಹಾಗೆ ಹೊಳೆಯುತ್ತಿದ್ದ ಅಷ್ಟಗಲ ನೀರು.

ಆಮೇಲೆ ಕಂದು ಬಣ್ಣದ ಕಾಡು. ಮಾರ್ಚ್ ತಿಂಗಳು, ನಾಗರಹೊಳೆ ಕಡೆಯ ಮರಗಳೆಲ್ಲ ಎಲೆ ಉದುರಿಸಿ ನಿಂತಿದ್ದವು. ಆ ಕಂದು ಒಂದು ಕಡೆ ಥಟ್ಟನೆ ಮುಗಿದು ದಟ್ಟ ಹಸಿರು ಶುರುವಾಯಿತು. ಮರದ ನೆರಳು, ನೆರಳಿನ ಕೆಳಗೆ ಕಾಫಿ, ನಡುನಡುವೆ ಕೆರೆ. "ಇದು ಕೊಡಗು" ಅಂದಳು ಅಮ್ಮ. ನಾನು ಹೇಳಿಕೊಟ್ಟಿರಲಿಲ್ಲ. ಕೈ ಕಿಟಕಿಯ ಗಾಜಿನ ಮೇಲಿತ್ತು. "ಇಲ್ಲೇ ಇಳಿಸಿದ್ರೆ ಚೆನ್ನಾಗಿತ್ತು ಅಲ್ವಾ?" ಅಂದಳು. ನಾವು ಹೋಗಬೇಕಾದ ಸೀಮೆಯ ಮೇಲೇ ಹಾರುತ್ತಿದ್ದೆವು. ಅದನ್ನು ದಾಟಿ ಕೇರಳಕ್ಕೆ ಹೋಗಿ, ಇಳಿದು, ಮತ್ತೆ ಹತ್ತಿಕೊಂಡು ಬರಬೇಕಿತ್ತು. ಘಟ್ಟದ ಅಂಚು ಬಂದಾಗ ನೆಲ ಒಮ್ಮೆಗೇ ಕೆಳಗೆ ಹೋಯಿತು, ವಿಮಾನ ಎರಡು ಸಲ ಕುಲುಕಿತು. ಅಮ್ಮ ನನ್ನ ಮೊಣಕೈ ಹಿಡಿದಳು, ಕಣ್ಣು ಮಾತ್ರ ಕಿಟಕಿಯಿಂದ ತೆಗೆಯಲಿಲ್ಲ.

ಟ್ಯಾಕ್ಸಿಯನ್ನು ಮೊದಲೇ ಹೇಳಿಟ್ಟಿದ್ದೆ. ಹಾಗೆ ಮಾಡುವುದೇ ಒಳ್ಳೆಯದು, ವಿರಾಜಪೇಟೆಯ ಟ್ಯಾಕ್ಸಿಯವರಿಗೂ ಈ ದಾರಿ ಈಗ ಪಳಗಿದೆ. ನಮ್ಮ ಡ್ರೈವರ್ ಮಟ್ಟನ್ನೂರಿನವರು, ಮಲಯಾಳ ಬೆರೆಸಿದ ಕನ್ನಡ. ಇರಿಟ್ಟಿ ದಾಟಿ ಕೂಟುಪುಳ ಸೇತುವೆಗೆ ಬಂದರೆ ಅಲ್ಲಿಗೆ ಕೇರಳ ಮುಗಿಯಿತು. ಸೇತುವೆ ದಾಟಿದ ಕೂಡಲೇ ಕಾಡು. ಮಾಕುಟ್ಟದ ಘಾಟಿ ಅಂದರೆ ಇದೇ. ಬಳ್ಳಿ ಸುತ್ತಿದ ದೊಡ್ಡ ದೊಡ್ಡ ಮರಗಳು, ತಿರುವಿನ ಮೇಲೆ ತಿರುವು, ಮನೆಯಿಲ್ಲ, ಅಂಗಡಿಯಿಲ್ಲ, ಫೋನಿಗೆ ಸಿಗ್ನಲ್ಲೂ ಇಲ್ಲ. 2018ರ ಮಳೆಯಲ್ಲಿ ಈ ರಸ್ತೆಯೂ ಕುಸಿದಿತ್ತು. ಮಳೆಗಾಲದಲ್ಲಿ ಬರುವವರು ರಸ್ತೆ ತೆರೆದಿದೆಯಾ ಅಂತ ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು.

ವಿಮಾನದಲ್ಲಿ ಆರಾಮಾಗಿದ್ದ ಅಮ್ಮನಿಗೆ ಇಲ್ಲಿ ಹೊಟ್ಟೆ ತೊಳಸಿತು. ಮುಂದಿನ ಸೀಟಿಗೆ ಕೂರಿಸಿ, ಮೂಸಲು ನಿಂಬೆಹಣ್ಣು ಕೊಟ್ಟೆ. ಹತ್ತು ನಿಮಿಷ ಹೋಗಿರಲಿಲ್ಲ, ಟೈರ್ ಪಂಕ್ಚರ್.

ಸ್ಟೆಪ್ನಿ ಇತ್ತು, ಜಾಕ್ ಕೈಕೊಟ್ಟಿತು. ನಿಂತೆವು. ಕಾಡೊಳಗೆ ಎಲ್ಲೋ ನೀರು ಬೀಳುವ ಸದ್ದು. ಅರ್ಧ ಗಂಟೆಯಾದ ಮೇಲೆ ಒಂದು ಜೀಪು ಬಂತು. ನಡುವಯಸ್ಸಿನವರೊಬ್ಬರು ಇಳಿದು, "ಏನಾಯ್ತು ಅಕ್ಕಾ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ತಮ್ಮ ಜಾಕ್ ತಂದರು. ವಿರಾಜಪೇಟೆ ಹತ್ತಿರ ಕಾಫಿ ತೋಟವಂತೆ. ಮಗಳನ್ನು ದುಬೈ ವಿಮಾನಕ್ಕೆ ಬಿಟ್ಟು ವಾಪಸ್ ಹೋಗುತ್ತಿದ್ದರು. "ಮೊದಲೆಲ್ಲ ಅವಳನ್ನು ಕಳಿಸೋದು ಅಂದ್ರೆ ಬೆಂಗಳೂರು, ಎರಡು ದಿನ ಕೆಲಸ ಕೆಡ್ತಿತ್ತು. ಈಗ ಬೆಳಿಗ್ಗೆ ಬಿಟ್ಟು ಮಧ್ಯಾಹ್ನದೊಳಗೆ ತೋಟದಲ್ಲಿರ್ತೀನಿ" ಅಂದರು. ಅವರಿಗೆ ಈ ನಿಲ್ದಾಣ ನಿಜವಾಗಿಯೂ ಹತ್ತಿರ. ಅವರ ಮನೆಬಾಗಿಲಿಂದ ಎರಡು ಗಂಟೆ.

ಅಮ್ಮ ಅವರನ್ನು ಕೇಳಿದ ಮೊದಲ ಪ್ರಶ್ನೆ: "ಹೂ ಮಳೆ ಬಂತಾ?"

ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಅಮ್ಮನನ್ನು ನೋಡಿದರು. "ಬಂತಮ್ಮಾ, ಹೋದ ವಾರ. ಒಂದು ಇಂಚು ಇಪ್ಪತ್ತು ಸೆಂಟು. ತೋಟ ಎಲ್ಲ ಬಿಳಿ" ಅಂದರು. ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆಯೇ ಹೂ ಮಳೆ. ಕೊಡಗಿನವರು ಮಳೆಯನ್ನು ಈಗಲೂ ಇಂಚು, ಸೆಂಟಿನಲ್ಲೇ ಹೇಳುತ್ತಾರೆ. ನೂರು ಸೆಂಟು ಅಂದರೆ ಒಂದು ಇಂಚು.

ವಿರಾಜಪೇಟೆಗೆ ಬಂದಾಗ ಹನ್ನೆರಡು. ಗಡಿಯಾರ ಕಂಬದ ಹತ್ತಿರ ಸಣ್ಣ ಹೋಟೆಲಿನಲ್ಲಿ ನೂಪುಟ್ಟು, ಕೋಳಿ ಕರಿ ತಿಂದೆವು. ನೂಪುಟ್ಟು ಅಂದರೆ ಅಕ್ಕಿ ಶಾವಿಗೆ, ಬಿಸಿಯಿದ್ದಾಗ ಬೆರಳಿಗೆ ಅಂಟಿಯೂ ಅಂಟದ ಹಾಗಿರುತ್ತೆ. ಅಮ್ಮ ಎರಡು ಸಲ ಹಾಕಿಸಿಕೊಂಡಳು, ಹೊಟ್ಟೆ ಸರಿಹೋಯಿತು. ಮುಂದೆ ಬೇತ್ರಿ ಸೇತುವೆ ಮೇಲೆ ಗಾಡಿ ನಿಲ್ಲಿಸಲು ಹೇಳಿದಳು. ಕಾವೇರಿ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಮಳೆಗಾಲದಲ್ಲಿ ಇದೇ ಹೊಳೆ ಸೇತುವೆಯ ಮಟ್ಟಕ್ಕೆ ಬರುತ್ತೆ. ಅವಳು ಇಲ್ಲಿ ಒಮ್ಮೆ ಬಸ್ಸಿನಲ್ಲೇ ಅರ್ಧ ದಿನ ಕಾದಿದ್ದಳಂತೆ, ನನ್ನಣ್ಣ ಹೊಟ್ಟೆಯಲ್ಲಿದ್ದಾಗ.

ಮಡಿಕೇರಿ ಲಾಡ್ಜ್ ಮುಟ್ಟಿದಾಗ ಮಧ್ಯಾಹ್ನ 1 ಗಂಟೆ 50 ನಿಮಿಷ. ಮನೆ ಬಿಟ್ಟು ಹತ್ತು ಗಂಟೆಗೆ ಹತ್ತು ನಿಮಿಷ ಕಮ್ಮಿ. ಪಂಕ್ಚರ್, ಊಟ, ಬೇತ್ರಿ ಎಲ್ಲ ಕಳೆದರೂ ಎಂಟು ಗಂಟೆಗೆ ಬರುತ್ತೆ. ಬೆಂಗಳೂರಿನಿಂದ ಬಸ್ಸಿಗೆ ಆರರಿಂದ ಏಳು ಗಂಟೆ. ಬೆಂಗಳೂರಿನವರು ಬೇಗ ತಲುಪಲು ಈ ವಿಮಾನ ಹಿಡಿಯಬೇಕಾಗಿಲ್ಲ, ಇದನ್ನು ನೇರವಾಗಿಯೇ ಹೇಳುತ್ತೇನೆ. ಮುಂಬೈಯಂಥ ದೂರದ ಊರಿಂದ ಕಣ್ಣೂರಿಗೆ ಬರುವವರ ಲೆಕ್ಕ ಬೇರೆ. ನಾನು ಆ 50 ನಿಮಿಷಕ್ಕಾಗಿ ಟಿಕೆಟ್ ಮಾಡಿಸಿದ್ದೆ, ಅದು ಸಿಕ್ಕಿತು.

ಸಂಜೆ ಪೇಟೆಗೆ ಹೋದಾಗ ಅಜ್ಜಮಾಡ ದೇವಯ್ಯ ವೃತ್ತದ ಹತ್ತಿರ ಅಮ್ಮ ನಿಂತಳು. ಅವಳಿದ್ದ ಕಾಲದಲ್ಲಿ ಆ ಹೆಸರು ಕೇಳಿದ ನೆನಪಿಲ್ಲ ಅಂದಳು. ನಾನು ಹೇಳಿದೆ. 1965ರ ಯುದ್ಧದಲ್ಲಿ ಸರ್ಗೋಧಾದ ಮೇಲೆ ದಾಳಿಗೆ ಹೋದವರು ಸ್ಕ್ವಾಡ್ರನ್ ಲೀಡರ್ ದೇವಯ್ಯ. ತಮ್ಮದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದು ಉರುಳಿಸಿದರು, ಆದರೆ ವಾಪಸ್ ಬರಲಿಲ್ಲ. ಅವರು ಮಾಡಿದ್ದೇನು ಅಂತ ನಮ್ಮವರಿಗೆ ಗೊತ್ತಾಗಲು ಎಷ್ಟೋ ವರ್ಷ ಬೇಕಾಯಿತು. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ಅಮ್ಮ ಚಪ್ಪಲಿ ಬಿಟ್ಟು ಅಲ್ಲಿಂದಲೇ ಕೈ ಮುಗಿದಳು.

ಎರಡನೇ ದಿನ

ಮೂರ್ನಾಡಿನ ಮೇಲೆ ಹೋಗುವ ಪ್ರೈವೇಟ್ ಬಸ್ಸು. ಟ್ಯಾಕ್ಸಿ ಬೇಡ, ನಾಪೋಕ್ಲಿಗೆ ಬಸ್ಸಿನಲ್ಲೇ ಹೋಗಬೇಕು ಅಂತ ಅಮ್ಮನ ಹಟ. ರಸ್ತೆಯ ಎರಡೂ ಕಡೆ ತೋಟ. ಮೂರ್ನಾಡಿನ ಹತ್ತಿರ ಬರುವಾಗ ಕಿಟಕಿಯಿಂದ ವಾಸನೆ ಬಂತು. ಮಲ್ಲಿಗೆಯ ಹಾಗೇ, ಆದರೆ ಅದಕ್ಕಿಂತ ತುಸು ಹಸಿ. ಬಸ್ಸಿನಲ್ಲಿದ್ದ ಯಾರೂ ತಲೆ ಎತ್ತಲಿಲ್ಲ, ಅವರಿಗೆ ಇದು ವರ್ಷ ವರ್ಷದ್ದು. ಅಮ್ಮ ಮಾತ್ರ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಒಂದು ಸ್ಟಾಪಿನಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಬೇಲಿಗೆ ಒರಗಿದ್ದ ರೋಬಸ್ಟಾ ಕಾಫಿ ಗಿಡದ ಕೊಂಬೆಯೊಂದು ನನ್ನ ಕಿಟಕಿಯ ಪಕ್ಕಕ್ಕೇ ಬಂದಿತ್ತು. ಗಿಣ್ಣು ಗಿಣ್ಣಿಗೂ ಹೂವಿನ ಉಂಡೆ. ಎದುರುಬದುರು ಎರಡು ಎಲೆ, ಅವುಗಳ ಬುಡದಲ್ಲಿ ಸುತ್ತಲೂ ಬಿಳಿ ಹೂ, ಎರಡು ಬೆರಳು ಜಾಗ ಬಿಟ್ಟು ಮತ್ತೆ ಹಾಗೇ. ಒಂದು ಉಂಡೆಯೊಳಗೆ ಜೇನುನೊಣ ತಲೆ ಹುದುಗಿಸಿತ್ತು, ಹಿಂದಿನ ಕಾಲು ಮಾತ್ರ ಕಾಣುತ್ತಿದ್ದವು. ಕೊಂಬೆಯ ಬುಡದ ಕಡೆಯ ಹೂಗಳು ಆಗಲೇ ಕಂದು ತಿರುಗಿದ್ದವು. ಈ ಬಿಳುಪು ಇರೋದು ಎರಡು ಮೂರು ದಿನ, ಅಷ್ಟೇ.

ನಾಪೋಕ್ಲಿನಲ್ಲಿ ಇಳಿದರೆ ಅಮ್ಮನಿಗೆ ಏನೂ ಗುರುತು ಸಿಗಲಿಲ್ಲ. ಅಂಗಡಿಗಳೆಲ್ಲ ಹೊಸವು. ಆದರೆ ಕಾಲಿಗೆ ದಾರಿ ನೆನಪಿತ್ತು. ಕೇಳದೆಯೇ ಒಂದು ಇಳಿಜಾರಿನಲ್ಲಿ ಬಲಕ್ಕೆ ತಿರುಗಿದಳು. ನಾವಿದ್ದ ಹಂಚಿನ ಮನೆ ಈಗಿಲ್ಲ, ಆ ಜಾಗದಲ್ಲಿ ತಾರಸಿ ಮನೆ. ಬಾವಿ ಇತ್ತು. ಅಮ್ಮ ಬಗ್ಗಿ ನೋಡಿ, "ಮಾರ್ಚಲ್ಲೂ ಇಷ್ಟೇ ಇರ್ತಿತ್ತು ನೀರು" ಅಂದಳು.

ಪಕ್ಕದ ಮನೆಯ ಅಕ್ಕನಿಗೆ ಎಂಬತ್ತು ದಾಟಿದೆ. ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದರು. ಅಮ್ಮ ಗೇಟಿನ ಹತ್ತಿರ ನಿಂತು "ಅಕ್ಕಾ" ಅಂದಳು. ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಮೇಷ್ಟ್ರಮ್ಮನಾ?" ಅಂದರು. ಆಮೇಲೆ ಇಬ್ಬರೂ ಕೈ ಹಿಡಿದುಕೊಂಡು ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ನಾನು ಅಂಗಳದ ಕಡೆ ಹೋದೆ.

ಅವರ ಮಗ ತೋಟ ನೋಡಿಕೊಳ್ಳುತ್ತಾರೆ. ಕಣದಲ್ಲಿ ಕರಿಮೆಣಸು ಒಣಗುತ್ತಿತ್ತು, ಕಾಲಲ್ಲಿ ಸರಿಸುತ್ತಾ ಮಾತಾಡಿದರು. ವಿರಾಜಪೇಟೆ, ಮೂರ್ನಾಡಿನ ಕಡೆ ಮಳೆ ಬಂದಿದೆ, ಇವರಲ್ಲಿಗೆ ಬಂದಿಲ್ಲ. ಒಂದೊಂದು ಮಳೆ ಒಂದು ಗುಡ್ಡದ ಈ ಪಕ್ಕ ಬಂದು ಆ ಪಕ್ಕ ಬರದೆ ಹೋಗುತ್ತಂತೆ. ಮೊಗ್ಗು ತೋರಿಸಿದರು. ಬತ್ತಿ ಹೊಸೆದಿಟ್ಟ ಹಾಗೆ, ಗಟ್ಟಿಯಾಗಿ ಮುಚ್ಚಿಕೊಂಡಿದ್ದವು. ಸ್ಪ್ರಿಂಕ್ಲರ್ ಹಾಕೋಣ ಅಂದರೆ ಕೆರೆಯಲ್ಲಿ ನೀರು ಅರ್ಧ ತೋಟಕ್ಕೂ ಸಾಲದು. "ಒಂದು ಇಂಚು ಬಂದ್ರೆ ಎಂಟೊಂಬತ್ತು ದಿನಕ್ಕೆ ಹೂ ಬಿಡುತ್ತೆ. ಇಪ್ಪತ್ತು ಸೆಂಟು ಬಂದು ನಿಂತುಬಿಟ್ರೆ ಬರದೇ ಇರೋದಕ್ಕಿಂತ ಕಷ್ಟ. ಮೊಗ್ಗು ಅರ್ಧ ಎದ್ದು ಅಲ್ಲೇ ಸುಟ್ಟುಹೋಗುತ್ತೆ" ಅಂದರು. ವರ್ಷದ ದುಡಿಮೆ ಇಂಥ ಒಂದು ಸಂಜೆಯ ಮಳೆಯ ಮೇಲೆ ನಿಂತಿರುತ್ತೆ ಅಂತ ನಾನು ಅಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಮಾತಿನ ನಡುವೆ ಎರಡು ಸಲ ಆಕಾಶ ನೋಡಿದರು. ಒಂದು ಮೋಡವೂ ಇರಲಿಲ್ಲ.

ಊಟಕ್ಕೆ ಅಕ್ಕಿ ತರಿಯ ಉಂಡೆ ಕಡುಂಬಿಟ್ಟು, ಅಣಬೆಯ ಕುಮ್ಮು ಕರಿ, ಬೇರೆ ಪಾತ್ರೆಯಲ್ಲಿ ಹಂದಿ ಮಾಂಸದ ಪಂದಿ ಕರಿ. ಪಂದಿ ಕರಿಯ ಕಪ್ಪು ಬಣ್ಣ, ಆ ಹುಳಿ ಕಾಚಂಪುಳಿಯದು. ಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಇಳಿಸಿದ್ದು, ಒಂದು ಚಮಚ ಹೆಚ್ಚಾದರೂ ತಡೆಯಲ್ಲ. ಅಮ್ಮ ಅಣಬೆಗೆ ನಿಂತಳು, ನಾನು ಎರಡೂ ತಿಂದೆ. ಊಟವಾದ ಮೇಲೆ ಬೆಲ್ಲದ ಕಾಫಿ.

"ಕೊಬ್ಬರಿ ತಂದ್ಯಾ?" ಅಂತ ಅಕ್ಕ ಕೇಳಿದರು. ನಲವತ್ತು ವರ್ಷದ ಹತ್ತಿರವಾಗಿದೆ, ಆದರೂ ನೆನಪಿತ್ತು. ಅಮ್ಮ ವಿಮಾನ ನಿಲ್ದಾಣದ ಕಥೆಯೆಲ್ಲ ಹೇಳಿದಳು. ಅಕ್ಕ ಕೇಳಿಸಿಕೊಂಡು, "ಆ ಹುಡುಗನ ಮನೇಲಿ ತಿಂದಿರ್ತಾರೆ ಬಿಡು" ಅಂದರು.

ಮೂರನೇ ದಿನ

ಭಾಗಮಂಡಲ, ತಲಕಾವೇರಿ. ಮಡಿಕೇರಿಯಿಂದ ಭಾಗಮಂಡಲ ಸುಮಾರು 40 ಕಿ.ಮೀ., ಅಲ್ಲಿಂದ ಮೇಲಕ್ಕೆ 8. ಬೆಳಿಗ್ಗೆ ಬೇಗ ಹೊರಟರೆ ಜನ ಕಡಿಮೆ. ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಸಂಗಮದಲ್ಲಿ ಅಮ್ಮ ಅಪ್ಪನ ಹೆಸರು ಹೇಳಿ ನೀರು ಬಿಟ್ಟಳು.

ತಲಕಾವೇರಿಯಲ್ಲಿ ಗಾಳಿ ಜೋರು, ಒಂದು ಶಾಲು ಇಟ್ಟುಕೊಂಡಿರುವುದು ಒಳ್ಳೆಯದು. ಕಾವೇರಿ ಹುಟ್ಟುವ ಕುಂಡಿಕೆಯ ಎದುರು ಕೂತಿದ್ದಾಗ ಅಮ್ಮನಿಗೆ ಫೋನಿನಲ್ಲಿ ನಕ್ಷೆ ತೋರಿಸಿದೆ. ಇಲ್ಲಿಂದ ಪಡುವಣಕ್ಕೆ ನೇರ ಗೆರೆ ಎಳೆದರೆ 50 ಕಿ.ಮೀ. ಒಳಗೇ ಅರಬ್ಬಿ ಸಮುದ್ರ. ಆದರೆ ಕಾವೇರಿ ಆ ಕಡೆ ತಿರುಗಲಿಲ್ಲ. ಮೂಡಣಕ್ಕೆ ಹೊರಟು, 800 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. "ನಮ್ಮನೆ ನಲ್ಲಿಗೂ ಅವಳೇ ತಾನೇ ಬರೋದು" ಅಂದಳು ಅಮ್ಮ. ಒಂದು ಸಣ್ಣ ಬಾಟಲಿಯಲ್ಲಿ ತೀರ್ಥ ತುಂಬಿಸಿಕೊಂಡಳು.

ನಾಲ್ಕನೇ ದಿನ

ವಾಪಸ್ ಬಸ್ಸಿನಲ್ಲೇ ಅಂತ ಮೊದಲೇ ತೀರ್ಮಾನಿಸಿದ್ದೆ. ಅದು ಒಳ್ಳೆಯದೇ ಆಯಿತು. ಹೊರಡುವ ಮುಂಚೆ ನಾಪೋಕ್ಲಿನ ಅಕ್ಕನ ಮಗ ಮಡಿಕೇರಿ ಸ್ಟ್ಯಾಂಡಿಗೇ ಬಂದು ಒಂದು ಚೀಲ ಕೊಟ್ಟರು. ಎರಡು ಕಿಲೋ ಕರಿಮೆಣಸು, ಕಾಫಿ ಪುಡಿ, ಮುಕ್ಕಾಲು ಲೀಟರಿನ ಬಾಟಲಿ ತುಂಬ ಕಾಚಂಪುಳಿ. ವಿಮಾನವಾಗಿದ್ದರೆ ಈ ಬಾಟಲಿಯನ್ನು ಕೈಯಲ್ಲಿ ಒಯ್ಯಲು ಬಿಡುತ್ತಿದ್ದರೋ ಇಲ್ಲವೋ. ಬಸ್ಸಿನಲ್ಲಿ ಅಮ್ಮ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು.

ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು. ಹುಣಸೂರು ದಾಟುವಾಗ ಅಮ್ಮ ಕಿಟಕಿಯಿಂದ ಮೇಲೆ ನೋಡಿ, "ಮೊನ್ನೆ ಇಲ್ಲೇ ಮೇಲಿದ್ವಿ ಅಲ್ವಾ?" ಅಂದಳು. ಮೈಸೂರಿನಿಂದ ಹೆದ್ದಾರಿ ಸಲೀಸು. ಕೆಂಗೇರಿ ಬಂದ ಮೇಲೆ ಮಾತ್ರ ತೆವಳಿದೆವು. ಸ್ಯಾಟಲೈಟ್ ಸ್ಟ್ಯಾಂಡಿನಲ್ಲಿ ಇಳಿದಾಗ ಮಡಿಕೇರಿ ಬಿಟ್ಟು ಆರೂವರೆ ಗಂಟೆಯಾಗಿತ್ತು.

ಆಟೋದಲ್ಲಿದ್ದಾಗ ಅಮ್ಮನಿಗೆ ಫೋನ್ ಬಂತು. ಸ್ಪೀಕರ್‌ಗೆ ಹಾಕಿದಳು.

"ತಲುಪಿದ್ರಾ ಮೇಷ್ಟ್ರಮ್ಮ?"

"ಹ್ಞೂಂ ಅಕ್ಕ, ಈಗ ಮನೆ ಹತ್ತಿರ."

"ಇಲ್ಲಿ ಮಳೆ. ಸಂಜೆ ನಾಲ್ಕಕ್ಕೆ ಶುರುವಾಗಿದ್ದು ಈಗ ನಿಂತಿತು. ಒಂದು ಇಂಚು ಹತ್ತು ಸೆಂಟಂತೆ, ಮಗ ಈಗಷ್ಟೇ ಅಳೆದು ಬಂದ."

ಅಮ್ಮ ಒಂದು ಕೈಯಲ್ಲಿ ಕಾಚಂಪುಳಿಯ ಬಾಟಲಿ ಹಿಡಿದು, ಇನ್ನೊಂದು ಕೈಯ ಬೆರಳು ಮಡಚುತ್ತಾ ಒಂಬತ್ತು ದಿನ ಎಣಿಸಿದಳು.